ಪೈಂಟ್ ಆಮೇಲೆ ನೋಡುವ, ಮೊದ್ಲು ಮಣ್ಣು ನೋಡಿ: ಕಾಸರಗೋಡು ಕಡೆ ಹೊಸ ಮನೆ ತಗೊಳ್ಳುವವರಿಗೆ

ಈಗ ಮಂಜೇಶ್ವರ, ಉಪ್ಪಳದಿಂದ ಹಿಡಿದು ಕುಂಬಳೆ, ಸೀತಾಂಗೋಳಿ, ಬದಿಯಡ್ಕ, ಇತ್ತ ವಿದ್ಯಾನಗರ, ಚೆರ್ಕಳದವರೆಗೆ ಎಲ್ಲಿ ಹೋದ್ರೂ ಕಾಣುದು ಒಂದೇ, ಗುಡ್ಡೆಯನ್ನು ಜೆಸಿಬಿಯಲ್ಲಿ ಸಮತಟ್ಟು ಮಾಡಿ ಐದೋ ಆರೋ ಸೆಂಟ್ಸಿನ ಪ್ಲಾಟ್ ಮಾಡಿ ಅದ್ರಲ್ಲಿ ಒಂದೇ ತರದ ನಾಲ್ಕೈದು ಮನೆ ಕಟ್ಟಿ ಗೇಟಿಗೆ ಬೋರ್ಡ್ ಹಾಕಿರ್ತಾರೆ. ಗಲ್ಫಿನಲ್ಲಿ ಇರುವವರು, ದಿನಾ ಮಂಗಳೂರಿಗೆ ಹೋಗಿ ಬರುವವರು, ತರವಾಡು (ಕೂಡುಕುಟುಂಬದ) ಮನೆಯಿಂದ ಬೇರೆ ಆದವರು, ಇವ್ರಿಗೆಲ್ಲ ನಿಂತು ಕಟ್ಟಿಸ್ಲಿಕ್ಕೆ ಪುರುಸೊತ್ತು ಇಲ್ಲ, ಹಾಗಾಗಿ ಕಟ್ಟಿದ ಮನೆಯನ್ನೇ ತಗೊಳ್ತಾರೆ. ಅದ್ರಲ್ಲಿ ತಪ್ಪೇನೂ ಇಲ್ಲ. ಆದ್ರೆ ನೋಡುವ ಕ್ರಮ ತಲೆಕೆಳಗೆ ಆಗ್ತದೆ. ಒಳಗೆ ಹೋದ ಕೂಡ್ಲೆ ಟೈಲ್ಸ್ ಎಷ್ಟು ಚಂದ, ಕಿಚನ್ ಕಬೋರ್ಡ್ ಎಂಥದ್ದು, ಸಿಟೌಟ್ ಎಷ್ಟು ದೊಡ್ಡದು ಅಂತ ನೋಡ್ತಾರೆ, ಅದೆಲ್ಲ ಇಷ್ಟ ಆಗದಿದ್ರೆ ನಾಳೆ ಕಿತ್ತು ಬೇರೆ ಹಾಕ್ಬಹುದು. ಜಾಗದ ರೆಕಾರ್ಡ್, ಮನೆ ಅಡಿಯ ಮಣ್ಣು, ಬಾವಿಯ ನೀರು, ಮನೆಗೆ ಬರುವ ದಾರಿ, ಪಂಚಾಯತ್ ಕೊಟ್ಟ ನಂಬ್ರ, ಇವು ಮಾತ್ರ ದುಡ್ಡು ಕೊಟ್ಟ ಮೇಲೆ ಬದಲಾಯಿಸ್ಲಿಕ್ಕೆ ಆಗುದಿಲ್ಲ, ಆಗುವುದಿದ್ರೂ ವರ್ಷಗಟ್ಲೆ ಆಫೀಸು ಅಲೆಯಬೇಕಾಗ್ತದೆ. ಹಾಗಾಗಿ ಬದಲಾಯಿಸ್ಲಿಕ್ಕೆ ಆಗದ್ದನ್ನು ಮೊದ್ಲು ನೋಡಿ, ಅದು ಪಾಸಾದ್ರೆ ಮಾತ್ರ ಮನೆಯೊಳಗೆ ಹೋಗಿ.

ಯಾವಾಗ ನೋಡುದು ಅನ್ನುದೂ ಮುಖ್ಯ. ನಮ್ಮ ಕಡೆ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರ್ತದೆ, ಅದ್ರಲ್ಲಿ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಮತ್ತೆ ಏಪ್ರಿಲ್ ಮೇ ಬಂದ್ರೆ ಅದೇ ಊರಿನಲ್ಲಿ ಬಾವಿ ತಳ ಕಾಣ್ತದೆ. ಮನೆ ಮಾರುವವರು ಹೆಚ್ಚಾಗಿ ಡಿಸೆಂಬರ್ ಜನವರಿಯಲ್ಲಿ ತೋರಿಸ್ತಾರೆ, ಆಗ ಗೋಡೆಯೂ ಒಣಗಿರ್ತದೆ ಬಾವಿಯಲ್ಲೂ ನೀರಿರ್ತದೆ, ಎಲ್ಲ ಚಂದವೇ. ಆಗುವುದಾದ್ರೆ ಮನೆಯನ್ನು ಆಟಿ ತಿಂಗಳಿನಲ್ಲಿ (ಜುಲೈ-ಆಗಸ್ಟ್) ಒಂದು ಜೋರು ಮಳೆಯ ದಿನ ಹೋಗಿ ನೋಡಿ, ಬಾವಿಯನ್ನು ಬೇಷದಲ್ಲಿ (ಮೇ ಕೊನೆ ಹೊತ್ತಿಗೆ) ನೋಡಿ. ಅಷ್ಟು ಕಾಯ್ಲಿಕ್ಕೆ ಆಗುದಿಲ್ಲ ಅಂತಾದ್ರೆ ಪಕ್ಕದ ಹಳೇ ಮನೆಯವ್ರ ಹತ್ರ ಕೂತು ಮಾತಾಡಿ, ಮಳೆಗಾಲದಲ್ಲಿ ಇಲ್ಲಿ ನೀರು ಎಲ್ಲಿಂದ ಬರ್ತದೆ, ಎಲ್ಲಿಗೆ ಹೋಗ್ತದೆ, ಮೇ ತಿಂಗಳಲ್ಲಿ ನೀವು ನೀರಿಗೆ ಎಂತ ಮಾಡ್ತೀರಿ, ಇಷ್ಟೇ ಕೇಳಿ. ಬ್ರೋಕರ್ ಜೊತೆ ಇರುವಾಗ ಕೇಳ್ಬೇಡಿ, ಒಬ್ಬರೇ ಇನ್ನೊಂದು ದಿನ ಹೋಗಿ.

ಈಗ ಮಣ್ಣಿನ ವಿಷಯ. ನಮ್ಮ ಗುಡ್ಡೆಗಳಲ್ಲಿ ಮೇಲೆ ಮುರಕಲ್ಲು, ಅಂದ್ರೆ ಕೆಂಪುಕಲ್ಲಿನ ಗಟ್ಟಿ ಪದರ ಇರ್ತದೆ, ಅದ್ರ ಅಡಿಯಲ್ಲಿ ಬಿಳಿ ಇಲ್ಲಾ ನಸುಗೆಂಪು ಬಣ್ಣದ ಶೇಡಿ ಮಣ್ಣು. ಮುರಕಲ್ಲು ಕಟ್ ಮಾಡಿದ್ರೂ ನೆಟ್ಟಗೆ ನಿಲ್ತದೆ, ಶೇಡಿ ಹಾಗಲ್ಲ, ಒಣಗಿದಾಗ ಗಟ್ಟಿ ಕಾಣ್ತದೆ, ನೀರು ಕುಡಿದ್ರೆ ಬೆಣ್ಣೆಯ ಹಾಗೆ ಜಾರ್ತದೆ. ಗುಡ್ಡೆ ಕಡಿದು ಪ್ಲಾಟ್ ಮಾಡುವಾಗ ಮೇಲಿನ ಮುರಕಲ್ಲನ್ನು ಕಲ್ಲಿನ ಕೋರೆಯವ್ರಿಗೆ ಕೊಟ್ಟು ಅಡಿಯ ಶೇಡಿಯ ಮೇಲೆ ಮನೆ ನಿಂತದ್ದಾ ಅಂತ ನೋಡ್ಬೇಕು, ಮನೆ ಹಿಂದಿನ ಬರೆಯನ್ನು, ಅಂದ್ರೆ ಕಡಿದು ನಿಂತ ಮಣ್ಣಿನ ಗೋಡೆಯನ್ನು, ನೋಡಿದ್ರೆ ಗೊತ್ತಾಗ್ತದೆ, ಬರೆಯ ಬಣ್ಣ ಮೇಲೆ ಕೆಂಪು ಕೆಳಗೆ ಬಿಳಿ ಇದ್ರೆ ಮನೆಯ ಫೌಂಡೇಶನ್ ಎಲ್ಲಿವರೆಗೆ ಹೋಗಿದೆ ಅಂತ ಖಂಡಿತ ಕೇಳ್ಬೇಕು. ಬರೆ ಮನೆಗೆ ಎಷ್ಟು ದೂರ ಉಂಟು, ಅದ್ರ ಎತ್ತರ ಎಷ್ಟು, ಮೇಲ್ಗಡೆ ನೀರು ಇಳಿದು ಹೋಗ್ಲಿಕ್ಕೆ ಚರಂಡಿ ಉಂಟಾ, ಕಟ್ಟಿದ ತಡೆಗೋಡೆಯಲ್ಲಿ ನೀರು ಹೊರಗೆ ಬರುವ ತೂತುಗಳು ಉಂಟಾ, ಎಲ್ಲ ನೋಡಿ. ತೂತು ಇಲ್ಲದ ತಡೆಗೋಡೆ ಮಳೆಗಾಲದಲ್ಲಿ ಹಿಂದಿನ ನೀರಿನ ಭಾರ ಹೊತ್ತು ಉಬ್ತದೆ, ಒಂದು ದಿನ ಮಲಗ್ತದೆ. 2025ರ ಮಳೆಗಾಲದಲ್ಲಿ ಚೆರುವತ್ತೂರಿನ ಹತ್ರ ಹೈವೇಗೆ ಅಂತ ಕಡಿದ ವೀರಮಲೆ ಗುಡ್ಡೆ ಜರಿದು ರಸ್ತೆಗೆ ಬಿದ್ದದ್ದು ಎಲ್ರಿಗೂ ನೆನಪಿರ್ಬಹುದು, ಅಷ್ಟು ದೊಡ್ಡ ಕೆಲಸದ ಜಾಗದಲ್ಲೇ ಹಾಗೆ ಆದ್ರೆ ನಾಲ್ಕು ಮನೆಯ ಪ್ಲಾಟಿನಲ್ಲಿ ಬರೆ ಬಗ್ಗೆ ಲೆಕ್ಕ ಹಾಕಿದವ್ರು ಯಾರು ಅಂತ ಕೇಳ್ಲಿಕ್ಕೆ ನಿಮ್ಗೆ ಹಕ್ಕು ಉಂಟು.

ಇನ್ನೊಂದು, ಗುಡ್ಡೆಯ ಒಂದು ಬದಿ ಕಡಿದು ಅದೇ ಮಣ್ಣನ್ನು ಇನ್ನೊಂದು ಬದಿಗೆ ತುಂಬಿಸಿ ತಟ್ಟು ಮಾಡ್ತಾರಲ್ಲ, ಅಂಥ ಜಾಗದಲ್ಲಿ ಮನೆಯ ಅರ್ಧ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿಸಿದ ಮಣ್ಣಿನ ಮೇಲೆ ಇರ್ತದೆ. ತುಂಬಿಸಿದ ಮಣ್ಣು ಎರಡು ಮೂರು ಮಳೆಗಾಲ ಕಳಿಯುವವರೆಗೆ ಕೂರ್ತಾ ಇರ್ತದೆ, ಆ ಬದಿಯ ಗೋಡೆ ಅದ್ರ ಜೊತೆ ಇಳೀತದೆ, ಈ ಬದಿ ಇಳಿಯುದಿಲ್ಲ, ನಡುವಲ್ಲಿ ಬಿರುಕು. ಪಿಲ್ಲರ್ ಹಾಕಿ ಕೆಳಗಿನ ಗಟ್ಟಿ ನೆಲದವರೆಗೆ ಇಳಿಸಿದ್ರೆ ತೊಂದ್ರೆ ಇಲ್ಲ, ಬರೀ ಕಲ್ಲಿನ ಪಂಚಾಂಗ (ಅಡಿಪಾಯ) ಹಾಕಿ ಎಬ್ಬಿಸಿದ್ರೆ ತೊಂದ್ರೆ. ಕೆಲಸ ಆಗುವಾಗ ತೆಗೆದ ಫೋಟೋ ಇದ್ರೆ ತೋರಿಸಿ ಅಂತ ಕೇಳಿ, ಈಗ ಎಲ್ಲಾ ಮೇಸ್ತ್ರಿಗಳ ಫೋನಿನಲ್ಲೂ ಫೌಂಡೇಶನಿನ ಫೋಟೋ ಇರ್ತದೆ, ಇಲ್ಲ ಅಂತ ಹೇಳಿದ್ರೆ ಅದೂ ಒಂದು ಉತ್ತರವೇ.

ಎಣ್ಮಕಜೆ, ಪೆರ್ಲ, ಬಾಯಾರು, ಪೈವಳಿಕೆ, ಆ ಕಡೆ ಬೇಡಡ್ಕ, ಈ ಎಲ್ಲಾ ಕಡೆಗಳಲ್ಲಿ ತಗೊಳ್ಳುವವರು ಸುರಂಗದ ಬಗ್ಗೆ ವಿಚಾರಿಸ್ಲೇಬೇಕು. ನಮ್ಮ ಹಿರಿಯರು ಗುಡ್ಡೆಯ ಬದಿಯಿಂದ ಅಡ್ಡಕ್ಕೆ ಕೊರೆದು ನೀರು ತಂದದ್ದು ಎಷ್ಟೋ ಜಾಗದಲ್ಲಿ ಉಂಟು, ಕೆಲವು ತುಂಬ ಉದ್ದ, ಕವಲೊಡೆದದ್ದೂ ಉಂಟು, ಇದು ಯಾವ ಸ್ಕೆಚ್ಚಿನಲ್ಲೂ ಬರುದಿಲ್ಲ. ತೋಟ ಮಾರಿ ಹೋದ ಮೇಲೆ ಬಾಯಿ ಮುಚ್ಚಿದ ಸುರಂಗದ ಮೇಲೆ ಮನೆ ಬಂದ್ರೆ ಯಾರಿಗೂ ಗೊತ್ತಾಗುದಿಲ್ಲ. ಆ ತೋಟದಲ್ಲಿ ಮೊದ್ಲು ಕೆಲಸಕ್ಕೆ ಇದ್ದ ಒಬ್ಬ ಹಿರಿಯರನ್ನು ಹುಡುಕಿ ಕೇಳಿದ್ರೆ ಸುರಂಗದ ಬಾಯಿ ಎಲ್ಲಿತ್ತು, ಯಾವ ದಿಕ್ಕಿಗೆ ಹೋಗಿದೆ ಅಂತ ಅವ್ರೇ ತೋರಿಸ್ತಾರೆ.

ನೀರು. ಬಾವಿ ಉಂಟು ಅಂತ ಹೇಳಿದ್ರೆ ಸಾಲದು, ಯಾರ ಬಾವಿ ಅಂತ ಕೇಳಿ. ನಾಲ್ಕು ಮನೆಗೆ ಒಂದೇ ಬಾವಿ ಇದ್ರೆ ಆ ಬಾವಿ ಇರುವ ಜಾಗ ಯಾರ ಹೆಸರಿನಲ್ಲಿ ಉಂಟು, ನಿಮ್ಗೆ ನೀರು ತೆಗಿಯುವ ಹಕ್ಕು, ಪೈಪ್ ಹಾಕುವ ಹಕ್ಕು ಆಧಾರದಲ್ಲಿ, ಅಂದ್ರೆ ರಿಜಿಸ್ಟರ್ ಆದ ಜಾಗದ ಪತ್ರದಲ್ಲಿ, ಬರೆದಿದೆಯಾ, ಇದು ಬಾಯಿ ಮಾತಿನಲ್ಲಿ ಬಿಡುವ ವಿಷಯ ಅಲ್ಲ. ಐದು ಸೆಂಟ್ಸಿನ ಪ್ಲಾಟುಗಳಲ್ಲಿ ದೊಡ್ಡ ಸಮಸ್ಯೆ ಬಾವಿಗೂ ಟಾಯ್ಲೆಟ್ ಗುಂಡಿಗೂ ಇರುವ ದೂರ. ಕೇರಳದ ಬಿಲ್ಡಿಂಗ್ ರೂಲ್ಸ್ ಪ್ರಕಾರ ಕುಡಿಯುವ ನೀರಿನ ಬಾವಿಯಿಂದ ಗುಂಡಿ, ಸೆಪ್ಟಿಕ್ ಟ್ಯಾಂಕ್ 7.5 ಮೀಟರ್ ಆದ್ರೂ ದೂರ ಇರ್ಬೇಕು, ನಿಮ್ಮ ಗುಂಡಿ ಮಾತ್ರ ಅಲ್ಲ, ಪಕ್ಕದ ಮನೆಯವ್ರ ಗುಂಡಿಯೂ ಅಷ್ಟೇ, ಟೇಪ್ ಹಿಡಿದು ಅಳೆಯಿರಿ, ಮೇಲ್ಗಡೆಯ ಪ್ಲಾಟಿನ ಗುಂಡಿ ಕೆಳಗಿನ ಪ್ಲಾಟಿನ ಬಾವಿಯ ಕಡೆಗೆ ಇಳಿಯುವ ಹಾಗೆ ಇದ್ರೆ 7.5 ಮೀಟರ್ ಇದ್ರೂ ನನಗೆ ಧೈರ್ಯ ಬರುದಿಲ್ಲ, ಮುರಕಲ್ಲಿನಲ್ಲಿ ನೀರು ಬೇಗ ಹರಿದು ಹೋಗ್ತದೆ. ನೀರನ್ನು ಒಂದು ಬಾಟ್ಲಿಯಲ್ಲಿ ತಗೊಂಡು ಲ್ಯಾಬಿನಲ್ಲಿ ಟೆಸ್ಟ್ ಮಾಡಿಸಿ, ಕೋಲಿಫಾರ್ಮ್, ಕಬ್ಬಿಣದ ಅಂಶ, ಪಿಎಚ್, ಕಡಲ ಬದಿ ಆದ್ರೆ ಉಪ್ಪಿನ ಅಂಶ. ಮೊಗ್ರಾಲ್, ಶಿರಿಯಾ, ಉಪ್ಪಳ ಕಡೆ ಹೊಳೆ ಬಾಯಿಯ ಹತ್ರ ಬೇಸಗೆಯಲ್ಲಿ ಬಾವಿ ನೀರು ಉಪ್ಪಾಗುದು ಹೊಸತಲ್ಲ. ಬೋರ್‌ವೆಲ್ ಇದ್ರೆ ಎಷ್ಟು ಆಳ, ಎಷ್ಟು ಹೊತ್ತು ಪಂಪ್ ಓಡಿದ್ರೆ ನೀರು ನಿಲ್ತದೆ ಅಂತ ನಿಮ್ಮ ಕಣ್ಣೆದುರೇ ಓಡಿಸ್ಲಿಕ್ಕೆ ಹೇಳಿ. ಮಳೆನೀರು ಬಾವಿಗೆ ಬಿಡುವ ವ್ಯವಸ್ಥೆ ಇದ್ರೆ ಒಳ್ಳೇದು, ಟೆರೇಸಿನ ಪೈಪ್ ನೇರ ರಸ್ತೆಗೆ ಬಿಟ್ಟ ಮನೆ ನೋಡಿದ್ರೆ ನಂಗೆ ಬೇಜಾರಾಗ್ತದೆ.

ಇನ್ನು ರೆಕಾರ್ಡು, ಇದನ್ನು ಸ್ವಲ್ಪ ಉದ್ದ ಹೇಳ್ತೇನೆ, ಯಾಕಂದ್ರೆ ನಮ್ಮ ಜಿಲ್ಲೆಯ ಜಾಗದ ಕಾಗದಗಳು ಬೇರೆ ಕಡೆಯ ಹಾಗೆ ಅಲ್ಲ. 1956 ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವ್ರು, ಹಾಗಾಗಿ ಹಳೇ ಆಧಾರಗಳು ಕನ್ನಡದಲ್ಲಿ, ಈಗಿನದ್ದು ಮಲಯಾಳದಲ್ಲಿ. ಮಲಯಾಳ ಮಾತಾಡ್ಲಿಕ್ಕೆ ಬಂದ್ರೂ ಆಧಾರದ ಮಲಯಾಳ ಓದಿ ಅರ್ಥ ಮಾಡ್ಕೊಳ್ಳುದು ಬೇರೆಯೇ ವಿಷಯ, ನಾಚಿಕೆ ಮಾಡ್ಕೊಳ್ಬೇಡಿ, ಸಾಲು ಸಾಲು ಓದಿಸಿ, ಕನ್ನಡದಲ್ಲಿ ಬರೆಸಿಕೊಳ್ಳಿ, ವಿಶೇಷವಾಗಿ ಚೆಕ್‌ಬಂದಿ, ಸರ್ವೆ ನಂಬ್ರ, ದಾರಿ ಮತ್ತು ಬಾವಿಯ ಹಕ್ಕು ಇರುವ ಭಾಗ. ಮಾರುವವ್ರ ಕಡೆಯ ಆಧಾರ ಬರಿಯುವವ್ರ ಹತ್ರ ಅಲ್ಲ, ನೀವೇ ಬೇರೆ ಒಬ್ಬ ವಕೀಲರನ್ನು ಇಟ್ಕೊಳ್ಳಿ. 1969ರ ಕೇರಳ ಅಧಿಕೃತ ಭಾಷೆಗಳ ಕಾನೂನಿನಲ್ಲಿ ಕನ್ನಡ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಆಫೀಸುಗಳಿಗೆ ಕನ್ನಡದಲ್ಲೇ ಬರಿಯುವ ಹಕ್ಕು ನಮ್ಗೆ ಉಂಟು, ವಿಲೇಜ್ ಆಫೀಸಿಗೆ ಅರ್ಜಿ ಕೊಡುವಾಗ ಅದನ್ನು ಬಿಟ್ಟುಕೊಡ್ಬೇಡಿ.

ಈಗಿನ ಆಧಾರ ಒಂದೇ ನೋಡಿದ್ರೆ ಆಗುದಿಲ್ಲ, ಅದ್ರ ಹಿಂದಿನ ಮುನ್ನಾಧಾರಗಳು ಸಂಕೋಲೆಯಲ್ಲಿ ಎಲ್ಲೂ ತುಂಡಾಗದೆ ಬರ್ಬೇಕು, 30 ವರ್ಷದ ಇಸಿ (ಋಣಭಾರ ಸರ್ಟಿಫಿಕೇಟ್) ತೆಗೆಸ್ಬೇಕು, ಈ ವರ್ಷದ ಭೂಕಂದಾಯ ಕಟ್ಟಿದ ರಶೀದಿ ಮಾರುವವ್ರ ಹೆಸರಿನಲ್ಲೇ ಇರ್ಬೇಕು, ಪೊಸೆಶನ್ ಸರ್ಟಿಫಿಕೇಟ್, ಲೊಕೇಶನ್ ಸ್ಕೆಚ್ ಬೇಕು. ಭೂಸುಧಾರಣೆಯಲ್ಲಿ ಬಂದ ಪಟ್ಟೆ (ಹಕ್ಕುಪತ್ರ) ಆದ್ರೆ ಲ್ಯಾಂಡ್ ಟ್ರಿಬ್ಯುನಲಿನ ಕಾಪಿ ನೋಡಿ. ಕುಮ್ಕಿ ಜಾಗ ಅಂದ್ರೆ ವರ್ಗ ಜಾಗದ (ಹಕ್ಕಿನ ಕೃಷಿ ಜಾಗದ) ಪಕ್ಕದಲ್ಲಿ ಸೊಪ್ಪು ಸೌದೆಗೆ ಅಂತ ಅನುಭವಿಸ್ತಾ ಬಂದ ಸರ್ಕಾರಿ ಜಾಗ, ಅದನ್ನು ತಲೆತಲಾಂತರದಿಂದ ನಮ್ದೇ ಅಂತ ಹೇಳಿದ್ರೂ ಪಟ್ಟೆ ಆಗದೆ ಮಾರ್ಲಿಕ್ಕೆ ಬರುದಿಲ್ಲ, ಕಾಂಪೌಂಡಿನ ಒಳಗೆ ಎಂಟು ಸೆಂಟ್ಸ್ ಕಂಡು ಆಧಾರದಲ್ಲಿ ಐದೇ ಇದ್ರೆ ಉಳಿದ ಮೂರಕ್ಕೆ ದುಡ್ಡು ಕೊಡ್ಬೇಡಿ. ಆಧಾರದಲ್ಲಿ ಲೆಕ್ಕ ಆರ್‌ನಲ್ಲಿ ಇರ್ತದೆ, 1 ಆರ್ ಅಂದ್ರೆ ಹತ್ತಿರ ಹತ್ತಿರ 2.47 ಸೆಂಟ್ಸ್, ನೀವೇ ಗುಣಿಸಿ ನೋಡಿ. ಡಿಜಿಟಲ್ ಸರ್ವೆ ಆದ ವಿಲೇಜಾದ್ರೆ ಇನ್ನೂ ಸುಲಭ, ಜಾಗದ ರೆಕಾರ್ಡ್ ಸಿಗುವ ‘ಎಂಟೆ ಭೂಮಿ’ ಪೋರ್ಟಲ್ 2024ರಲ್ಲಿ ಶುರುವಾದದ್ದೇ ನಮ್ಮ ಕುಂಬಳೆ ಹತ್ರದ ಉಜಾರ್ ಉಳುವಾರಿನಿಂದ, ಹೊಸ ಸರ್ವೆಯ ಸ್ಕೆಚ್ಚಿಗೂ ಹಳೇ ಆಧಾರಕ್ಕೂ ಅಳತೆ ಹೊಂದ್ತದಾ ನೋಡಿ, ಹೊಂದದಿದ್ರೆ ಅದನ್ನು ಸರಿ ಮಾಡಿಸಿಕೊಡುದು ಮಾರುವವ್ರ ಕೆಲಸ, ನಿಮ್ದಲ್ಲ.

ಎಲ್ಲಕ್ಕಿಂತ ದೊಡ್ಡ ವಿಷಯ ಗದ್ದೆ. 2008ರ ಕೇರಳ ಭತ್ತದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾನೂನು ಬಂದ ಮೇಲೆ ಗದ್ದೆಗೆ ಮಣ್ಣು ತುಂಬಿಸಿ ಮನೆ ಕಟ್ಲಿಕ್ಕೆ ಸುಮ್ನೆ ಆಗುದಿಲ್ಲ. ಕಣ್ಣಿಗೆ ಒಣ ಜಾಗ ಕಂಡ್ರೂ, ತೆಂಗು ಅಡಿಕೆ ಬೆಳೆದು ನಿಂತಿದ್ರೂ, ವಿಲೇಜಿನ ಭೂಕಂದಾಯ ರಿಜಿಸ್ಟರ್ ಬಿಟಿಆರ್‌ನಲ್ಲಿ ‘ನಿಲಂ’ (ಗದ್ದೆ) ಅಂತ ಇರ್ಬಹುದು, ಅಥವಾ ಪಂಚಾಯತಿನ ಡೇಟಾ ಬ್ಯಾಂಕಿನಲ್ಲಿ (ಗದ್ದೆಗಳ ಪಟ್ಟಿಯಲ್ಲಿ) ಆ ಸರ್ವೆ ನಂಬ್ರ ಸೇರಿರ್ಬಹುದು. ಎರಡನ್ನೂ ಬೇರೆ ಬೇರೆಯಾಗಿ ನೋಡ್ಬೇಕು. ಡೇಟಾ ಬ್ಯಾಂಕಿನಿಂದ ತೆಗೆಸ್ಲಿಕ್ಕೆ ಫಾರ್ಮ್ 5, ಡೇಟಾ ಬ್ಯಾಂಕಿನಲ್ಲಿ ಇಲ್ಲದ ಸಣ್ಣ ಜಾಗದ ತರ ಬದಲಾಯಿಸ್ಲಿಕ್ಕೆ ಫಾರ್ಮ್ 6, ಎರಡೂ ಆರ್‌ಡಿಒಗೆ (ರೆವೆನ್ಯೂ ಡಿವಿಶನ್ ಆಫೀಸರಿಗೆ) ಇಲ್ಲಾ ಅಧಿಕಾರ ಕೊಟ್ಟ ಡೆಪ್ಯುಟಿ ಕಲೆಕ್ಟರಿಗೆ ಹೋಗ್ತದೆ, ‘ಅರ್ಜಿ ಹಾಕಿ ಆಗಿದೆ, ಬಂದೇ ಬರ್ತದೆ’ ಅಂತ ಹೇಳಿದ್ರೆ ಆರ್ಡರ್ ಕೈಗೆ ಬಂದ ಮೇಲೆ ಮಾತಾಡುವ ಅಂತ ಹೇಳಿ ಎದ್ದು ಬನ್ನಿ. ಬೇರೆ ಜಾಗ ಇಲ್ಲದ ಗದ್ದೆಯ ಯಜಮಾನರಿಗೆ ಸ್ವಂತ ವಾಸದ ಮನೆಗೆ ಪಂಚಾಯತಿನಲ್ಲಿ 10 ಸೆಂಟ್ಸ್, ಮುನ್ಸಿಪಾಲಿಟಿಯಲ್ಲಿ 5 ಸೆಂಟ್ಸ್ ವರೆಗೆ ರಿಯಾಯ್ತಿ ಉಂಟು, ಅದು ಅವ್ರ ವಾಸಕ್ಕೆ ಅಂತ ಕೊಟ್ಟದ್ದು, ಆ ರಿಯಾಯ್ತಿಯಲ್ಲಿ ಕಟ್ಟಿದ ಮನೆ ನಿಮ್ಗೆ ಮಾರ್ಲಿಕ್ಕೆ ಬಂದ್ರೆ ಜಾಗ್ರತೆ. ಕಾನೂನು ಬಿಡಿ, ಬೈಲಿನಲ್ಲಿ ತುಂಬಿಸಿದ ಮಣ್ಣಿಗೆ ಆಟಿಯಲ್ಲಿ ನೀರು ಬರದೆ ಎಲ್ಲಿಗೆ ಹೋಗ್ಬೇಕು?

ಕಡಲ ಬದಿ, ಹೊಳೆ ಬದಿ, ಅಳಿವೆ ಬಾಗಿಲಿನ ಹತ್ರ ಆದ್ರೆ ಕರಾವಳಿಯಲ್ಲಿ ಕಟ್ಟುದಕ್ಕೆ ಇರುವ ನಿಯಮ, ಅಂದ್ರೆ ಸಿಆರ್‌ಝಡ್. ಕೊಚ್ಚಿಯ ಮರಡಿನಲ್ಲಿ ಪರ್ಮಿಟ್ ಇದ್ದೂ, ಜನ ವಾಸ ಮಾಡ್ತಾ ಇದ್ದೂ, ಸುಪ್ರೀಂ ಕೋರ್ಟಿನ ಆರ್ಡರಿನಂತೆ 2020 ಜನವರಿ 11 ಮತ್ತು 12ಕ್ಕೆ ನಾಲ್ಕು ಫ್ಲಾಟ್ ಸಮುಚ್ಚಯಗಳನ್ನು ಕೆಡವಿದ್ದು ಟಿವಿಯಲ್ಲಿ ಎಲ್ರೂ ನೋಡಿದ್ದೇವೆ. ಲೋಕಲ್ ಬಾಡಿ ಪರ್ಮಿಟ್ ಕೊಟ್ಟಿದೆ ಅಂತ ಸಿಆರ್‌ಝಡ್ ಮಾಫಿ ಆಗುದಿಲ್ಲ ಅನ್ನುದು ಅಲ್ಲಿ ಗೊತ್ತಾಯ್ತು. ಹೊಳೆಯಲ್ಲಿ ಉಬ್ಬರ ಇಳಿತ ಎಲ್ಲಿವರೆಗೆ ಬರ್ತದೋ ಅಲ್ಲಿವರೆಗೆ ದಡಕ್ಕೂ ಇದು ಅನ್ವಯ ಆಗ್ತದೆ, ಬೀಚಿಗೆ ಮಾತ್ರ ಅಲ್ಲ.

ಕುಟುಂಬದ ಜಾಗ ಆಗಿದ್ರೆ ಮತ್ತೂ ನಿಧಾನಕ್ಕೆ ಹೋಗಿ. ಅಳಿಯಸಂತಾನದ (ತಾಯಿಯ ಕಡೆಯಿಂದ ಆಸ್ತಿ ಬರುವ) ತರವಾಡುಗಳ ಜಾಗ ನಮ್ಮಲ್ಲಿ ಎಷ್ಟೋ ಉಂಟು, ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿ ರದ್ದು ಮಾಡಿದ 1975ರ ಕಾನೂನಿನ ನಂತ್ರ ಪ್ರತಿಯೊಬ್ಬ ಸದಸ್ಯರಿಗೂ ಪಾಲು ಬಂತು, ಮುಂಬೈಯಲ್ಲಿ ಇರುವ ಅಕ್ಕನಿಗೂ, ತೀರಿಹೋದ ಮಾವನ ಮಕ್ಕಳಿಗೂ. ವಿಭಾಗ ಪತ್ರ ಆಗಿದೆಯಾ, ಎಲ್ರೂ ಸೈನ್ ಹಾಕಿದ್ದಾರಾ, ಹಾಕದವ್ರು ಹಕ್ಕು ಬಿಡುಗಡೆ ಮಾಡಿದ್ದಾರಾ ಅಂತ ನೋಡದಿದ್ರೆ ಹತ್ತು ವರ್ಷ ಕಳೆದು ನೋಟೀಸ್ ಬರ್ತದೆ. ಮಾರುವವ್ರು ಗಲ್ಫಿನಲ್ಲಿದ್ದು ಪವರ್ ಆಫ್ ಅಟಾರ್ನಿಯಲ್ಲಿ ಮಾರ್ತಾ ಇದ್ರೆ ಆ ಪತ್ರ ಎಂಬೆಸಿ ಇಲ್ಲಾ ಕಾನ್ಸುಲೇಟಿನಲ್ಲಿ ದೃಢೀಕರಣ ಆಗಿದೆಯಾ, ಇಲ್ಲಿಗೆ ಬಂದು 3 ತಿಂಗಳ ಒಳಗೆ ಸ್ಟಾಂಪ್ ಆಗಿದೆಯಾ, ಮಾರುವ ಅಧಿಕಾರ ಸ್ಪಷ್ಟ ಬರೆದಿದೆಯಾ ನೋಡಿ, ಮತ್ತೆ ಆ ಮನುಷ್ಯರ ಹತ್ರ ವಿಡಿಯೋ ಕಾಲಿನಲ್ಲಿ ಒಮ್ಮೆ ಮಾತಾಡಿ, ಪವರ್ ಕೊಟ್ಟವ್ರು ತೀರಿಕೊಂಡ್ರೆ ಸಾಧಾರಣವಾಗಿ ಆ ಪವರೂ ಮುಗೀತದೆ.

ದಾರಿ ಬಗ್ಗೆ ಒಂದೇ ಮಾತು, ಮೇನ್ ರೋಡಿನಿಂದ ಗೇಟಿನವರೆಗೆ ನಡೆದು ಪ್ರತಿ ಭಾಗ ಯಾರದ್ದು ಅಂತ ಕೇಳಿ. ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಸೇರಿದ ರೋಡ್ ಆದ್ರೆ ನೆಮ್ಮದಿ, ಯಾರದ್ದೋ ತೋಟದ ಬದಿಯ ಮಣ್ಣು ದಾರಿ ಆದ್ರೆ ವಾಹನ ಹೋಗುವ ಹಕ್ಕು ಅಗಲ ಸಮೇತ ಆಧಾರದಲ್ಲಿ ಇರ್ಬೇಕು, ನೀರಿನ ಟ್ಯಾಂಕರ್, ಆಂಬ್ಯುಲೆನ್ಸ್ ತಿರುಗ್ಲಿಕ್ಕೆ ಆಗ್ತದಾ ನೋಡಿ. ಹೈವೇ ಬದಿಯ ಮನೆ ಆದ್ರೆ ಆರು ಲೇನಿನ 66ಕ್ಕೆ ನೇರ ಹತ್ಲಿಕ್ಕೆ ಇಲ್ಲ, ಸರ್ವಿಸ್ ರೋಡಿನಲ್ಲಿ ಹೋಗಿ ಎಲ್ಲಿ ಅಂಡರ್‌ಪಾಸ್ ಉಂಟೋ ಅಲ್ಲಿ ದಾಟ್ಬೇಕು, ರೋಡ್ ಎತ್ತರ ಆದ ಕಡೆ ಮಳೆನೀರು ಯಾರ ಅಂಗಳಕ್ಕೆ ಬರ್ತದೆ ಅಂತ ಮಳೆಗಾಲದಲ್ಲೇ ನೋಡ್ಬೇಕು.

ಮನೆಯ ಕಾಗದ ಬೇರೆ. ಬಿಲ್ಡಿಂಗ್ ಪರ್ಮಿಟ್, ಪಾಸಾದ ಪ್ಲಾನ್, ಒಕ್ಯುಪೆನ್ಸಿ ಸರ್ಟಿಫಿಕೇಟ್, ಪಂಚಾಯತ್ ಕೊಟ್ಟ ಮನೆ ನಂಬ್ರ, ಕಟ್ಟಡ ತೆರಿಗೆ ರಶೀದಿ, ಇಷ್ಟೂ ಬೇಕು. ಪ್ಲಾನ್ ಕೈಯಲ್ಲಿ ಹಿಡ್ಕೊಂಡು ಮನೆ ಸುತ್ತ ನಡೀರಿ, ಪ್ಲಾನಿನಲ್ಲಿ ಇಲ್ಲದ ರೂಮು, ಬೌಂಡರಿಗೆ ತಾಗಿಸಿ ಕಟ್ಟಿದ ವರ್ಕ್ ಏರಿಯಾ, ಕಡಿಮೆ ಬಿಟ್ಟ ಸೆಟ್‌ಬ್ಯಾಕ್, ಎಲ್ಲ ಕಣ್ಣಿಗೇ ಕಾಣ್ತದೆ. ರೂಲ್ಸ್ ಮೀರಿ ಕಟ್ಟಿದ್ದಕ್ಕೆ ಯುಎ ನಂಬ್ರ ಅಂತ ಕೊಡ್ತಾರೆ, ಅದು ಅನಧಿಕೃತ ಅಂತ ಗುರುತು, ತೆರಿಗೆಯೂ ಜಾಸ್ತಿ, ಬ್ಯಾಂಕಿನವ್ರು ಲೋನಿಗೆ ಮುಖ ತಿರುಗಿಸ್ತಾರೆ. ‘ನಂಬ್ರ ಉಂಟು’ ಅಂತ ಹೇಳಿದ್ರೆ ಯಾವ ನಂಬ್ರ ಅಂತ ಕೇಳಿ.

ರೇರಾದಲ್ಲಿ, ಅಂದ್ರೆ ಮನೆ ಕಟ್ಟಿ ಮಾರುವ ಬಿಲ್ಡರುಗಳ ಮೇಲಿನ ಕಾನೂನಿನಲ್ಲಿ, ಎಲ್ಲಾ ಪ್ರಾಜೆಕ್ಟೂ ಬರ್ತದೆ ಅಂತ ಕೆಲವ್ರ ನಂಬಿಕೆ. 2016ರ ಕಾನೂನು ಪ್ರಕಾರ ಜಾಗ 500 ಚದರ ಮೀಟರ್ ಮೀರದಿದ್ರೆ, ಅಂದ್ರೆ ಸುಮಾರು 12 ಸೆಂಟ್ಸ್, ಅಥವಾ ಮನೆಗಳು ಎಂಟಕ್ಕಿಂತ ಜಾಸ್ತಿ ಇಲ್ಲದಿದ್ರೆ ರಿಜಿಸ್ಟ್ರೇಶನ್ ಬೇಡ, ನಮ್ಮ ಕಡೆಯ ನಾಲ್ಕೈದು ಮನೆಯ ವಿಲ್ಲಾಗಳು ಹೆಚ್ಚಿನವೂ ಇದ್ರಲ್ಲಿ ಹೊರಗೆ ಉಳೀತವೆ. ರಿಜಿಸ್ಟರ್ ಆದ ಪ್ರಾಜೆಕ್ಟ್ ಆದ್ರೆ ಕೇರಳ ರೇರಾದ ವೆಬ್‌ಸೈಟಿನಲ್ಲಿ ನೋಡ್ಬಹುದು, ಅಂಥದ್ರಲ್ಲಿ ರಿಜಿಸ್ಟರ್ಡ್ ಅಗ್ರಿಮೆಂಟ್ ಮಾಡದೆ 10 ಪರ್ಸೆಂಟಿಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳುವ ಹಾಗಿಲ್ಲ, ಕೀ ಕೊಟ್ಟ ಮೇಲೆ 5 ವರ್ಷದ ಒಳಗೆ ಸ್ಟ್ರಕ್ಚರಿನಲ್ಲಿ ದೋಷ ಕಂಡ್ರೆ ತಿಳಿಸಿದ 30 ದಿನದಲ್ಲಿ ಪುಕ್ಕಟೆ ಸರಿ ಮಾಡಿಕೊಡ್ಬೇಕು. ರೇರಾ ಇಲ್ಲದ ಕಡೆ ಇದೇ ಮಾತನ್ನು ನೀವೇ ಅಗ್ರಿಮೆಂಟಿನಲ್ಲಿ ಬರೆಸಿಕೊಳ್ಳಿ, 5 ವರ್ಷ ಒಪ್ಪದಿದ್ರೆ ಎರಡು ಮಳೆಗಾಲ ಆದ್ರೂ ಸೋರಿಕೆ, ಬಿರುಕಿನ ಜವಾಬ್ದಾರಿ ಅವ್ರದ್ದು ಅಂತ. ಒಳ್ಳೇ ಕೆಲಸ ಮಾಡಿದವ್ರು ಇದಕ್ಕೆ ಹಿಂದೆ ಮುಂದೆ ನೋಡುದಿಲ್ಲ.

ಇಷ್ಟೆಲ್ಲ ಸರಿ ಉಂಟು ಅಂತಾದ್ರೆ ಈಗ ಒಳಗೆ ಹೋಗುವ. ಪರಿಚಯದ ಇಂಜಿನಿಯರ್ ಅಥವಾ ಅನುಭವ ಇರುವ ಮೇಸ್ತ್ರಿಯನ್ನು ಸಂಬಳ ಕೊಟ್ಟೇ ಕರ್ಕೊಂಡು ಹೋಗಿ. ಹೊಸ ಪ್ಲಾಸ್ಟರಿನಲ್ಲಿ ಕೂದಲಿನಷ್ಟು ಸಪೂರ ಗೆರೆಗಳು ಸಾಮಾನ್ಯ, ಅದಕ್ಕೆ ಹೆದರ್ಬೇಡಿ. ಬಾಗಿಲು ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುವ ಬಿರುಕು, ಗೋಡೆಗೂ ಬೀಮಿಗೂ ನಡುವೆ ಬಾಯಿ ಬಿಟ್ಟದ್ದು, ಇದು ಕೇಳ್ಬೇಕಾದ ವಿಷಯ. ಒಂದೇ ಗೋಡೆಗೆ ಮಾತ್ರ ಹೊಸ ಪುಟ್ಟಿ, ಹೊಸ ಪೈಂಟ್ ಹೊಡೆದ ವಾಸನೆ ಬಂದ್ರೆ ಆ ಗೋಡೆಯನ್ನೇ ಮತ್ತೊಮ್ಮೆ ನೋಡಿ. ಬಾತ್ರೂಮಿನ ನೀರು ಹೋಗುವ ತೂತು ಮುಚ್ಚಿ ಒಂದು ದಿನ ನೀರು ನಿಲ್ಲಿಸಿ, ಮರುದಿನ ಹೋಗಿ ಕೆಳಗಿನ ರೂಮಿನ ಸೀಲಿಂಗ್ ನೋಡಿ, ಟೆರೇಸಿಗೂ ಅದೇ. ಟೈಲ್ಸನ್ನು ಒಂದು ನಾಣ್ಯದಲ್ಲಿ ತಟ್ಟಿ, ಟೊಳ್ಳು ಶಬ್ದ ಬಂದ ಕಡೆ ಅಡಿಯಲ್ಲಿ ಸಿಮೆಂಟ್ ಇಲ್ಲ.

ಮುರಕಲ್ಲಿನ ಗೋಡೆ ಆದ್ರೆ ಕಲ್ಲು ಯಾವ ಗುಣದ್ದು ಅಂತ ಪ್ಲಾಸ್ಟರ್ ಮಾಡಿದ ಮೇಲೆ ಗೊತ್ತಾಗುದಿಲ್ಲ, ಕಾಂಪೌಂಡಿಗೆ ಉಳಿದ ಕಲ್ಲು ಹಾಕಿರ್ತಾರೆ, ಅದನ್ನು ಉಗುರಿನಲ್ಲಿ ಕೆರೆದು ನೋಡಿ, ಪುಡಿ ಉದುರುವ ಮೆದು ಕಲ್ಲು ಆದ್ರೆ ಗೋಡೆಯಲ್ಲೂ ಅದೇ ಇರುವ ಸಾಧ್ಯತೆ ಉಂಟು. ಮುರಕಲ್ಲು ನೀರು ಎಳೀತದೆ, ಹಾಗಾಗಿ ಪಂಚಾಂಗದ ಮೇಲೆ ಕಾಂಕ್ರೀಟ್ ಬೆಲ್ಟ್ ಹಾಕಿದ್ದಾರಾ, ನೆಲದಿಂದ ಎರಡು ಮೂರು ಅಡಿಯವರೆಗೆ ಗೋಡೆಯ ಪೈಂಟ್ ಉಬ್ಬಿದೆಯಾ, ಬಿಳಿ ಉಪ್ಪಿನ ಹಾಗೆ ಬಂದಿದೆಯಾ ನೋಡಿ. ಒರಲೆ (ಗೆದ್ದಲು) ಔಷಧಿ ನೆಲ ಹಾಕುವ ಮುಂಚೆ ಹೊಡೀಬೇಕು, ಹೊಡೆದದ್ದಕ್ಕೆ ಬಿಲ್ ಕೇಳಿ, ನಮ್ಮ ಊರಲ್ಲಿ ಇದು ಸಣ್ಣ ವಿಷಯ ಅಲ್ಲ. ಸ್ಲ್ಯಾಬಿಗೆ ನೀರು ಎಷ್ಟು ದಿನ ಹಾಕಿದ್ರು ಅಂತ ಮೇಸ್ತ್ರಿ ಹತ್ರ, ಮತ್ತೆ ಪಕ್ಕದ ಮನೆಯವ್ರ ಹತ್ರ, ಬೇರೆ ಬೇರೆಯಾಗಿ ಕೇಳಿ. ಈಗ ಹೆಚ್ಚಾಗಿ ಬಳಸುವ ಪಿಪಿಸಿ ಸಿಮೆಂಟಿಗೆ 10 ದಿನ ಆದ್ರೂ ಬೇಕು. ಕಡಲಿಗೆ ಹತ್ರದ ಮನೆ ಆದ್ರೆ ಉಪ್ಪುಗಾಳಿಗೆ ಕಂಬಿ ಬೇಗ ತುಕ್ಕು ಹಿಡೀತದೆ, ಹೊಯಿಗೆ (ಮರಳು) ಎಲ್ಲಿಂದ ಬಂತು ಅಂತ ಕೇಳಿ, ಅಳಿವೆಯ ಉಪ್ಪು ಹೊಯಿಗೆ ಆದ್ರೆ ಬೇಡವೇ ಬೇಡ, ಸನ್‌ಶೇಡಿನ ಅಡಿಯಲ್ಲಿ ಕಂದು ಕಲೆ ಕಂಡ್ರೆ ಒಳಗೆ ತುಕ್ಕು ಶುರುವಾಗಿದೆ ಅಂತ ಲೆಕ್ಕ.

ಕರೆಂಟಿಗೆ ಇಎಲ್‌ಸಿಬಿಯ (ಶಾಕ್ ಹೊಡೆಯುವಾಗ ಕರೆಂಟ್ ಕಟ್ ಮಾಡುವ ಸ್ವಿಚ್ಚಿನ) ಟೆಸ್ಟ್ ಬಟನ್ ಒತ್ತಿ ಬೀಳ್ತದಾ ನೋಡಿ, ಅರ್ತಿಂಗ್ ಗುಂಡಿ ಎಲ್ಲಿ ಅಂತ ಕೇಳಿ, ಏಪ್ರಿಲ್ ಮೇ ಮತ್ತೆ ಅಕ್ಟೋಬರ್‌ನಲ್ಲಿ ನಮ್ಮಲ್ಲಿ ಸಿಡಿಲು ಜೋರು. ಸಂಜೆ ಏಳು ಗಂಟೆ ಹೊತ್ತಿಗೆ ಹೋಗಿ ಫ್ಯಾನ್ ತಿರುಗುದು ನೋಡಿದ್ರೆ ವೋಲ್ಟೇಜ್ ಗೊತ್ತಾಗ್ತದೆ. ವಾಸ್ತು ನೋಡುವವ್ರು ಅಡ್ವಾನ್ಸ್ ಕೊಡುವ ಮುಂಚೆ ನೋಡಿಸಿ, ಕೊಟ್ಟ ಮೇಲೆ ಬಾಗಿಲು ಒಡಿಯುದು ಬೇಡ.

ದುಡ್ಡಿನ ಲೆಕ್ಕ ಮನೆಯ ರೇಟಿಗೇ ಮುಗಿಯುದಿಲ್ಲ. ಕೇರಳದಲ್ಲಿ ಸ್ಟಾಂಪ್ ಡ್ಯೂಟಿ 8 ಪರ್ಸೆಂಟ್, ರಿಜಿಸ್ಟ್ರೇಶನ್ ಫೀಸ್ 2 ಪರ್ಸೆಂಟ್, ಒಟ್ಟು 10 ಪರ್ಸೆಂಟ್, ಕರ್ನಾಟಕದ ಲೆಕ್ಕ ತಲೆಯಲ್ಲಿ ಇಟ್ಕೊಂಡು ಬಂದವ್ರಿಗೆ ಇಲ್ಲಿ ಶಾಕ್ ಆಗ್ತದೆ. ಬ್ಯಾಂಕ್ ಲೋನ್ 30 ಲಕ್ಷದವರೆಗೆ ಬೆಲೆಯ 90 ಪರ್ಸೆಂಟ್, 30ರಿಂದ 75 ಲಕ್ಷಕ್ಕೆ 80 ಪರ್ಸೆಂಟ್ ಮೀರುವ ಹಾಗಿಲ್ಲ, ಸಾಧಾರಣ ಈ ಸ್ಟಾಂಪ್ ಡ್ಯೂಟಿ ಅದ್ರಲ್ಲಿ ಸೇರುದಿಲ್ಲ, ಕೈಯಿಂದಲೇ ಹಾಕ್ಬೇಕು. ಕೆಲಸ ಮುಗಿಯದ ಮನೆ ಬಿಲ್ಡರಿನಿಂದ ತಗೊಂಡ್ರೆ ಜಿಎಸ್‌ಟಿ 5 ಪರ್ಸೆಂಟ್, 45 ಲಕ್ಷದ ಒಳಗಿನ ಸಣ್ಣ ಮನೆಗೆ 1 ಪರ್ಸೆಂಟ್, ಕಂಪ್ಲೀಶನ್ ಆದ ಮೇಲೆ ಮಾರಿದ್ರೆ ಜಿಎಸ್‌ಟಿ ಇಲ್ಲ, ಹಾಗಿದ್ದೂ ಕೇಳಿದ್ರೆ ಯಾಕೆ ಅಂತ ಕೇಳಿ. 100 ಚದರ ಮೀಟರಿಗಿಂತ ದೊಡ್ಡ ಮನೆಗೆ ರೆವೆನ್ಯೂದವ್ರ ಒಂದು ಸಲದ ಕಟ್ಟಡ ತೆರಿಗೆ ಬರ್ತದೆ, ಅದು ಕಟ್ಟಿ ಆಗಿದೆಯಾ ನೋಡಿ. ಬೆಲೆ 50 ಲಕ್ಷ ಅಥವಾ ಜಾಸ್ತಿ ಆದ್ರೆ ನೀವು 1 ಪರ್ಸೆಂಟ್ ಟಿಡಿಎಸ್ (ಮಾರುವವ್ರ ಲೆಕ್ಕದ ಇನ್‌ಕಂ ಟ್ಯಾಕ್ಸ್) ಹಿಡಿದು ಕಟ್ಬೇಕು. ಮಾರುವವ್ರು ಎನ್‌ಆರ್‌ಐ ಆದ್ರೆ ಲೆಕ್ಕವೇ ಬೇರೆ, 50 ಲಕ್ಷದ ಮಿತಿ ಇಲ್ಲ, ರೇಟೂ ತುಂಬ ಜಾಸ್ತಿ, ಹಿಡಿಯದಿದ್ರೆ ಇನ್‌ಕಂ ಟ್ಯಾಕ್ಸಿನವ್ರು ಹುಡ್ಕಿ ಬರುದು ನಿಮ್ಮನ್ನು, ದುಬೈಯಲ್ಲಿ ಕೂತವ್ರನ್ನಲ್ಲ, ಅದಕ್ಕೆ ಮೊದ್ಲೇ ಒಬ್ಬ ಆಡಿಟರ್ ಹತ್ರ ಹೋಗಿ. ಕ್ಯಾಶ್ ಕೊಟ್ರೆ ಕಡಿಮೆ ಮಾಡ್ತೇನೆ, ಆಧಾರದಲ್ಲಿ ಕಡಿಮೆ ತೋರಿಸುವ ಅಂತ ಹೇಳುವವ್ರು ಇರ್ತಾರೆ, ಒಪ್ಬೇಡಿ. 20,000 ರೂಪಾಯಿ ಆದ್ರೂ ಸರಿ, ಜಾಗಕ್ಕೆ ಅಂತ ಅಷ್ಟು ಅಥವಾ ಜಾಸ್ತಿ ಕ್ಯಾಶ್ ಅಡ್ವಾನ್ಸ್ ತಗೊಳ್ಳುದು ಕಾನೂನಿನಲ್ಲಿ ಇಲ್ಲ, ಮತ್ತೆ ಏನಾದ್ರೂ ತಕರಾರು ಬಂದ್ರೆ ಕೋರ್ಟಿನಲ್ಲಿ ನೀವು ಕೊಟ್ಟದ್ದು ಆಧಾರದಲ್ಲಿ ಬರೆದಷ್ಟೇ.

ಬ್ಯಾಂಕಿನ ವಕೀಲರು ಓಕೆ ಹೇಳಿದ್ರಲ್ಲ, ಮತ್ತೆಂತ ನೋಡ್ಲಿಕ್ಕೆ ಅಂತ ಕೆಲವ್ರು ಹೇಳ್ತಾರೆ. ಅವ್ರು ನೋಡುದು ಬ್ಯಾಂಕಿನ ದುಡ್ಡು ಸೇಫಾ ಅಂತ, ನಿಮ್ಮ ಬಾವಿಯ ನೀರು ಮೇ ತಿಂಗಳಿಗೆ ಸಾಕಾಗ್ತದಾ ಅಂತ ಅಲ್ಲ.

ಮನೆಯಲ್ಲಿ ಪ್ರಾಯ ಆದವ್ರು ಇದ್ರೆ ಆಸ್ಪತ್ರೆ ದೂರ ಮೊದ್ಲೇ ಲೆಕ್ಕ ಹಾಕಿ, 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ಮಂಜೇಶ್ವರ ಕಡೆಯ ಜನ ಪಟ್ಟ ಪಾಡು ಮರೀಲಿಕ್ಕೆ ಆಗುದಿಲ್ಲ. ಸಣ್ಣ ಮಕ್ಕಳಿದ್ರೆ ಕನ್ನಡ ಮೀಡಿಯಂ ಇರುವ ಶಾಲೆ ಬಸ್ಸಿನ ದಾರಿಯಲ್ಲಿ ಉಂಟಾ ನೋಡಿ, ಅದ್ರಲ್ಲಿ ಕನ್ನಡ ಬಲ್ಲ ಟೀಚರುಗಳು ಇದ್ದಾರಾ ಅಂತ ಶಾಲೆಗೇ ಹೋಗಿ ವಿಚಾರಿಸಿ. ಜಾಗ ಹುಡುಕುವಾಗ ಇದು ಯಾರ ಲಿಸ್ಟಿನಲ್ಲೂ ಇರುದಿಲ್ಲ, ಮನೆ ತಗೊಂಡ ಮೇಲೆ ಮಕ್ಕಳನ್ನು ಮಲಯಾಳಕ್ಕೋ ಇಂಗ್ಲಿಷಿಗೋ ಸೇರಿಸುದು ಅನಿವಾರ್ಯ ಆಗ್ತದೆ, ನಂಗೆ ಇದು ಟೈಲ್ಸಿಗಿಂತ ದೊಡ್ಡ ವಿಷಯ.

ಕೊನೆಯ ಕಂತು ಎಷ್ಟು ಸಣ್ಣದೇ ಆಗ್ಲಿ, ಪಟ್ಟಿ ಮಾಡಿದ ಕೆಲಸ ಎಲ್ಲ ಮುಗಿದ ಮೇಲೆ ಮಾತ್ರ ಕೊಡಿ ಅಂತ ಅಗ್ರಿಮೆಂಟಿನಲ್ಲೇ ಬರೆಸಿ. ರಿಜಿಸ್ಟ್ರೇಶನ್ ದಿನ ಮೂಲ ಆಧಾರ, ಮುನ್ನಾಧಾರಗಳು, ಪ್ಲಾನ್, ಪೈಪ್ ಮತ್ತು ವಯರಿಂಗ್ ಎಲ್ಲೆಲ್ಲಿ ಹೋಗಿದೆ ಅಂತ ಒಂದು ಡ್ರಾಯಿಂಗ್, ಮೋಟರ್, ಇನ್ವರ್ಟರ್, ಟ್ಯಾಂಕಿನ ಬಿಲ್ಲುಗಳು, ಎಲ್ಲ ಕೈಗೆ ತಗೊಳ್ಳಿ. ಆಧಾರ ಆದ ಕೂಡ್ಲೆ ವಿಲೇಜ್ ಆಫೀಸಿನಲ್ಲಿ ಪೋಕುವರವು (ಖಾತೆ ಬದಲಾವಣೆ) ಮಾಡಿಸಿ ನಿಮ್ಮ ಹೆಸರಿನಲ್ಲಿ ಕಂದಾಯ ಕಟ್ಟಿ ರಶೀದಿ ತಗೊಳ್ಳಿ, ಪಂಚಾಯತಿನಲ್ಲಿ ಮನೆಯ ಓನರ್‌ಶಿಪ್ ಬದಲಾಯಿಸಿ, ಕೆಎಸ್‌ಇಬಿಯಲ್ಲಿ ಮೀಟರನ್ನು ನಿಮ್ಮ ಹೆಸರಿಗೆ ಮಾಡಿಸಿ, ಪಂಚಾಯತ್ ಮತ್ತೆ ಕೆಎಸ್‌ಇಬಿಯ ಹಳೇ ಬಾಕಿ ಏನೂ ಇಲ್ಲ ಅಂತ ಅದೇ ದಿನ ನೋಡಿಕೊಂಡು ಬನ್ನಿ.